ಮೂರನೆಯ ಪ್ರಕಟಣೆ

"ಈ ಇಬ್ಬರ ಮದುವೆಗೆ ಯಾರದಾದರೂ ಅಡ್ಡಿಯಿದ್ದರೆ ಈಗಲೇ ತಿಳಿಸಬೇಕು. ಇದು ಮೂರನೆಯ ಹಾಗೂ ಕಡೆಯ ಪ್ರಕಟಣೆ" ಎಂದು ಓದಿ ಪಾದ್ರಿಗಳು ತಲೆಯೆತ್ತಿದಾಗ, ಮುಂದಿನ ಬೆಂಚಿನಲ್ಲಿದ್ದ ಅಜ್ಜಿ ಎದ್ದು ನಿಂತಿದ್ದಳು.

ಕೆಮ್ಮುತ್ತಿದ್ದವರೂ ಕೆಮ್ಮು ನುಂಗಿದರು. ಮದುವೆಗೆ ಮುಂಚೆ ಮೂರು ಭಾನುವಾರ ಹೀಗೆ ಎಲ್ಲರೆದುರು ಓದಬೇಕೆಂಬುದು ಚರ್ಚಿನ ಕಟ್ಟಳೆ. ದೇಶದ ಕಾನೂನೂ ಅದನ್ನು ಒಪ್ಪಿತ್ತು. ಆದರೆ ಓದಿದ್ದಕ್ಕೆ ಯಾರಾದರೂ ಎದ್ದು ನಿಂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ವರ ಬಸ್ ಡ್ರೈವರ್, ಅಜ್ಜಿಯ ಅಳಿಯ. ಮಗಳು ಕಾಯಿಲೆಯಿಂದ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ವಧು, ಆ ಮಗಳ ಕಡೆಗಾಲದಲ್ಲಿ ಮೈ ಒರೆಸಿ, ಔಷಧಿ ಕುಡಿಸಿ ನೋಡಿಕೊಂಡ ನರ್ಸು. ಗೋರಿಯ ಮಣ್ಣಿನ್ನೂ ಆರಿಲ್ಲ, ಆಗಲೇ ಎಂದು ಜನ ಆಡಿಕೊಂಡಿದ್ದರು. ಆಡುವ ಬಾಯಿಗೆ ಬೀಗ ಹಾಕಲಾದೀತೇ? ಮೊದಲ ಪ್ರಕಟಣೆಯ ದಿನ ಅಜ್ಜಿ ಆರಾಧನೆಯ ನಡುವೆಯೇ ಎದ್ದು ಹೋಗಿದ್ದಳು. ಮುಂದಿನ ಭಾನುವಾರ ಬರಲೇ ಇಲ್ಲ.

ಆಮೇಲೆ ಪಾದ್ರಿಗಳು ಅವಳ ಮನೆಗೆ ಹೋಗಿದ್ದರು. ಅಳಿಯನ ಮೇಲೆ ಅವಳು ದೂರು ಹೇಳಲಿಲ್ಲ. ಬಂಗಾರದಂಥವನು, ಕಾಯಿಲೆ ಬಿದ್ದವಳ ಹಾಸಿಗೆ ಬಿಟ್ಟು ಕದಲಿರಲಿಲ್ಲ ಎಂದಳು. ನರ್ಸಿನ ಮಾತೆತ್ತಿದರೆ ಮಾತ್ರ ಕಿಟಕಿಯ ಕಡೆ ನೋಡುತ್ತ ಕೂತಳು. ಕೊನೆಗೆ, ಅಡ್ಡಿ ಎಂದರೆ ಏನೇನು ಬರುತ್ತದೆ ಎಂದು ಕೇಳಿದಳು. ರಕ್ತಸಂಬಂಧ, ವಯಸ್ಸು, ಮೊದಲ ಹೆಂಡತಿ ಬದುಕಿರುವುದು ಎಂದು ಪಾದ್ರಿಗಳು ವಿವರಿಸಿದರು.

"ನನ್ನ ಪಾಲಿಗೆ ಅವಳಿನ್ನೂ ಬದುಕೇ ಇದಾಳೆ, ಅಯ್ನೋರೇ. ಅದು ಲೆಕ್ಕಕ್ಕೆ ಬರುತ್ತಾ?"

"ಇಲ್ಲಮ್ಮ. ಅದು ಬರಲ್ಲ."

ಹೇಳಿದ್ದು ಸರಿಯೇ. ಆದರೂ ಆ ವಾರವೆಲ್ಲ ಅವರಿಗೆ ಊಟ ರುಚಿಸಿರಲಿಲ್ಲ.

ಈಗ ಅವರು ಕನ್ನಡಕ ತೆಗೆದು, ಏನಾದರೂ ಹೇಳುವುದಿದೆಯೇ ಎಂದು ಮೆಲ್ಲಗೆ ಕೇಳಿದರು. ಅಳಿಯ ತಲೆ ತಗ್ಗಿಸಿ ಕೂತಿದ್ದ. ಅಜ್ಜಿ ಬೆಂಚಿನ ತುದಿ ಹಿಡಿದು ಈಚೆ ಬಂದು, ನಡುವಿನ ದಾರಿಯಲ್ಲಿ ಹಿಂದಕ್ಕೆ ನಡೆದಳು. ಅಳಿಯನನ್ನು ದಾಟಿದಳು. ಜನರ ಕಣ್ಣಿಗೆ ಹೆದರಿ ಬಾಗಿಲ ಪಕ್ಕದಲ್ಲಿ ಒಬ್ಬಳೇ ಕೂತಿದ್ದ ನರ್ಸಿನ ಮುಂದೆ ಬಂದು ನಿಂತಳು. ಹುಡುಗಿ ಏಳಲು ಹೋದಳು.

"ಏಳಬೇಡ. ಸ್ವಲ್ಪ ಆ ಕಡೆ ಸರಿ" ಎಂದಳು ಅಜ್ಜಿ. ಕೂತ ಮೇಲೆ ಪಾದ್ರಿಗಳಿಗೆ ಕೇಳುವಂತೆ, "ನಂದೇನೂ ಅಡ್ಡಿ ಇಲ್ಲ, ಅಯ್ನೋರೇ. ಮುಂದಕ್ಕೆ ನಡೆಸಿ" ಎಂದಳು.

ಗಾಬರಿಯಲ್ಲಿ ಹುಡುಗಿ ತುಸು ಹೆಚ್ಚೇ ಸರಿದಿದ್ದಳು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿಯಿತು. ಆರಾಧನೆ ಮುಗಿಯುವವರೆಗೂ ಇಬ್ಬರೂ ಆ ಜಾಗವನ್ನು ಹಾಗೇ ಬಿಟ್ಟಿದ್ದರು.