ಮಡಚಿದ ಹೆಬ್ಬೆರಳು

ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಒತ್ತಿಸಲು ನರ್ಸಿಂಗ್ ವಿದ್ಯಾರ್ಥಿನಿ ಹಿಡಿದಿದ್ದ ಹೆಬ್ಬೆರಳನ್ನು ಟೈಲರ್ ಅಜ್ಜಿ ಸರಕ್ಕನೆ ಬಿಡಿಸಿಕೊಂಡು ಮುಷ್ಟಿಯೊಳಗೆ ಮಡಚಿಟ್ಟಳು. ಸಕ್ಕರೆ ಕಾಯಿಲೆಯಿಂದ ಕಪ್ಪಾಗಿದ್ದ ಅವಳ ಎರಡು ಕಾಲ್ಬೆರಳುಗಳನ್ನು ನಾಳೆ ತೆಗೆಯಬೇಕಿತ್ತು.

"ಅಮ್ಮಂಗೇನು ಗೊತ್ತಾಗುತ್ತೆ ಸಿಸ್ಟರ್, ಕೊಡಿ, ನಾನೇ ಸೈನ್ ಹಾಕ್ತೀನಿ," ಎಂದು ಮಗ ಕೈ ಚಾಚಿದ.

"ಹೋಗೋದು ನನ್ನ ಬೆರಳು ಕಣೋ, ನಿಂದಲ್ಲ." ಅಜ್ಜಿ ಹುಡುಗಿಯತ್ತ ತಿರುಗಿದಳು. "ನಾನು ಬೇಡ ಅಂದ್ರೆ ಏನ್ಮಾಡ್ತೀರಮ್ಮ?"

ಹೋದ ತಿಂಗಳ ಪರೀಕ್ಷೆಯಲ್ಲಿ ಹುಡುಗಿ ಇದೇ ಪ್ರಶ್ನೆಗೆ ನೀರು ಕುಡಿದಷ್ಟು ಸಲೀಸಾಗಿ ಒಂದೂವರೆ ಪುಟ ಬರೆದು, ಹತ್ತಕ್ಕೆ ಒಂಬತ್ತು ತೆಗೆದಿದ್ದಳು. ಆದರೆ ವಾರ್ಡಿನಲ್ಲಿ ಯಾರೂ ಆ ಉತ್ತರವನ್ನು ಬಾಯಿಬಿಟ್ಟು ಹೇಳಿದ್ದನ್ನು ಅವಳು ಕೇಳಿರಲಿಲ್ಲ.

"ಬೇಡ ಅಂದ್ರೆ ನಾವು ಮಾಡೋ ಹಾಗಿಲ್ಲ ಅಜ್ಜಿ. ಆದ್ರೆ ನಂಜು ಮೇಲಕ್ಕೇರುತ್ತೆ, ಜೀವಕ್ಕೇ ಅಪಾಯ ಆಗಬಹುದು. ಎರಡನ್ನೂ ಯೋಚನೆ ಮಾಡಿ ನೀವೇ ಹೇಳ್ಬೇಕು."

ಅಜ್ಜಿ ತನ್ನ ಪಾದವನ್ನು ನೋಡಿಕೊಂಡಳು. "ಆಮೇಲೆ ಹೊಲಿಗೆ ಮಿಷನ್ ತುಳಿಯೋಕಾಗುತ್ತಾ?"

"ನಂಗೊತ್ತಿಲ್ಲ. ಡಾಕ್ಟರನ್ನ ಕರ್ಕೊಂಡು ಬರ್ತೀನಿ, ನೀವೇ ಕೇಳಿ." ಹುಡುಗಿ ಶಾಯಿಪ್ಯಾಡಿನ ಮುಚ್ಚಳ ಹಾಕಿ, ಅದನ್ನೆತ್ತಿಕೊಂಡು ಎದ್ದಳು.

"ಅದು ಇಲ್ಲೇ ಇರ್ಲಿ," ಎಂದಳು ಅಜ್ಜಿ. ಮುಷ್ಟಿ ಬಿಚ್ಚಿ ಪ್ಯಾಡನ್ನೂ ಒಪ್ಪಿಗೆ ಪತ್ರವನ್ನೂ ಇಸಿದುಕೊಂಡು, ಮಗನ ಕೈಗೆ ಎಟುಕದಂತೆ ದಿಂಬಿನ ಆ ಬದಿಗೆ ಇಟ್ಟುಕೊಂಡಳು. "ಒತ್ತೋದಾದ್ರೆ ನಾನೇ ಒತ್ಕೋತೀನಿ."