ಒಂದೇ ಕಲ್ಲಿಗೆ ಎರಡು ಮನೆಯವರು

ಟೀಚರ್ ಬರುವ ಮೊದಲು, ಹೇಳಬೇಕಾದ ಮಾತನ್ನು ಇನ್ನೊಮ್ಮೆ ಬಾಯಿಪಾಠ ಮಾಡಿಕೊಳ್ಳಬೇಕಿತ್ತು. ಆದರೆ ಸೈನಿಕರ ಸ್ಮಶಾನದ ಗೇಟು ದಾಟುವಷ್ಟರಲ್ಲೇ ಟೈಲರಮ್ಮನಿಗೆ ಸುಸ್ತಾಗಿತ್ತು. ಎರಡು ಬಸ್ಸು ಬದಲಿಸಿ, ಒಂದರಲ್ಲಿ ನಿಂತೇ ಬಂದಿದ್ದಳು. ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತಿತ್ತು.

ಒಂದೇ ಅಳತೆಗೆ ಕತ್ತರಿಸಿಟ್ಟಂತೆ ಸಾಲು ಸಾಲು ಬಿಳಿ ಕಲ್ಲುಗಳು. ಹಳೆಯ ಯುದ್ಧದವು, ಈಗ ಪ್ರವಾಸಿಗರು ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಕೊನೆಯ ಸಾಲಿನ ಮೂಲೆಯ ಕಲ್ಲಿಗೆ ಮಾತ್ರ ಹೆಸರಿಲ್ಲ. ‘ಒಬ್ಬ ಸೈನಿಕ’ ಎಂದಷ್ಟೇ ಕೆತ್ತಿದೆ.

ಅಂದು ಗುಡ್ಡದ ಕಾವಲಿಗೆ ಹೋದವರು ಇಬ್ಬರು. ಸಿಕ್ಕಿದ್ದು ಒಂದೇ ದೇಹ, ಅದೂ ಗುರುತು ಸಿಗದಂತೆ ಸುಟ್ಟಿತ್ತು. ಒಬ್ಬ ಟೈಲರಮ್ಮನ ಅಣ್ಣ. ಇನ್ನೊಬ್ಬ ಟೀಚರ ಅಪ್ಪ; ಮಗಳು ಹುಟ್ಟುವ ಮೊದಲೇ ಯುದ್ಧಕ್ಕೆ ಹೊರಟವನು. ಸತ್ತವನು ಒಬ್ಬನಾದರೆ ಇನ್ನೊಬ್ಬ ಕಾವಲು ಬಿಟ್ಟು ಓಡಿರಬೇಕೆಂದು ಜನ ತಾವೇ ತೀರ್ಮಾನಿಸಿದರು. ಓಡಿದವನು ಯಾರೆಂದು ತಿಳಿಯದ್ದರಿಂದ ಕಳಂಕ ಎರಡೂ ಮನೆಗೆ ಅಂಟಿತು. ಟೈಲರಮ್ಮನ ತಾಯಿ ನಾಲ್ಕು ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟಳು. ಟೀಚರ್ ‘ಓಡಿಹೋದವನ ಮಗಳು’ ಎಂದು ಕರೆಸಿಕೊಂಡೇ ಶಾಲೆ ಮುಗಿಸಿದಳು.

ಮೊದಮೊದಲು ಈ ಕಲ್ಲಿಗಾಗಿ ಇಬ್ಬರೂ ಜಗಳವಾಡಿದ್ದರು. ಒಬ್ಬಳಿಟ್ಟ ಹೂವನ್ನು ಇನ್ನೊಬ್ಬಳು ಸರಿಸಿದ್ದೂ ಉಂಟು. ಬರಬರುತ್ತ ಜಗಳಕ್ಕೂ ತ್ರಾಣ ಸಾಲದೆ ಒಂದೇ ಬೆಂಚಿನ ಮೇಲೆ ಕೂರತೊಡಗಿದರು.

ಕಳೆದ ಸಲ ಸ್ಮಶಾನದ ಅಧಿಕಾರಿ ಹೊಸ ಸುದ್ದಿ ಹೇಳಿದ್ದರು. ಈಗ ಮೂಳೆಯಿಂದಲೇ ರಕ್ತಸಂಬಂಧ ಪತ್ತೆಹಚ್ಚಬಹುದಂತೆ. ಸಂಬಂಧಿಕರು ರಕ್ತ ಕೊಟ್ಟರೆ ಸಾಕಂತೆ. ಟೀಚರ್ ಒಪ್ಪಲಿಲ್ಲ. ಅಲ್ಲವೆಂದು ಬಂದರೆ ಯಾವ ಮುಖ ಹೊತ್ತು ತಿರುಗಲಿ ಎಂದು ಅತ್ತಳು. ಟೈಲರಮ್ಮ ರಕ್ತ ಕೊಡಲು ತೋಳು ಚಾಚಿದಳು. ಅರ್ಧಂಬರ್ಧ ದುಃಖ ಅವಳಿಗೆ ಸಾಕಾಗಿಹೋಗಿತ್ತು.

ಮೊನ್ನೆ ಅಧಿಕಾರಿಯ ಫೋನು ಬಂತು. ಕೇಳಿ ಮುಗಿಸಿದವಳು ಅಂಗಿಯ ಬಲತೋಳನ್ನು ಎಡಕ್ಕೆ ಹೊಲಿದಿಟ್ಟಳು.

ಟೀಚರ್ ಬಂದಳು. ತೀರ ಇಳಿದುಹೋಗಿದ್ದಳು. ಬೆಂಚಿನ ತುದಿಯಲ್ಲಿ, ಯಾರದೋ ಮನೆಗೆ ಬಂದವಳಂತೆ ಕುಳಿತಳು.

“ಫಲಿತಾಂಶ ಬಂತು ಟೀಚರ್.”

“ಹೇಳಬೇಡಿ ಅಕ್ಕ. ನಾನು ಎದ್ದು ಹೋಗ್ತೀನಿ. ನೀವು ನಿಮ್ಮ ಅಣ್ಣನ ಹತ್ತಿರ ಕೂತ್ಕೊಳ್ಳಿ.”

“ಎಲ್ಲಿಗೆ ಹೋಗ್ತೀರಿ? ಕೂತ್ಕೊಳ್ಳಿ.” ಟೈಲರಮ್ಮ ಕಲ್ಲನ್ನೇ ನೋಡುತ್ತಿದ್ದಳು. “ನಿಮ್ಮ ಅಪ್ಪ ಎಲ್ಲಿಗೂ ಓಡಿಹೋಗಿಲ್ಲ.”

ಟೀಚರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹುಲ್ಲಿನ ಮೇಲೆ ಮೊಣಕಾಲೂರಿ ಕಲ್ಲಿಗೆ ಹಣೆ ಹಚ್ಚಿದಳು. ಅಪ್ಪ ಎಂದಳು. ಎದುರಿಗಿದ್ದವರನ್ನು ಹಾಗೆ ಕರೆದು ಅಭ್ಯಾಸವಿಲ್ಲದ್ದರಿಂದ ದನಿ ತೊದಲಿತು. ಅಮ್ಮ ಕೊನೆಯವರೆಗೂ ನಂಬಿದ್ದನ್ನು, ತಾನು ಓದಿದ್ದನ್ನು, ಪಾಠ ಮಾಡಿದ್ದನ್ನು, ಎಲ್ಲವನ್ನೂ ಹೇಳುತ್ತ ಹೋದಳು. ಟೈಲರಮ್ಮ ಅತ್ತ ತಿರುಗಿ ಕುಳಿತಳು.

ಅತ್ತು ಮುಗಿದ ಮೇಲೆ ಟೀಚರ್ ಅವಳ ಕೈ ಹಿಡಿದಳು. “ಹಾಗಾದ್ರೆ ನಿಮ್ಮ ಅಣ್ಣ…”

“ನನ್ನ ಹುಡುಕಾಟ ಮುಗೀತು ಬಿಡಿ. ಅನ್ನೋರು ಅಂತಾರೆ. ಈ ವಯಸ್ಸಲ್ಲಿ ನನಗೇನು?”

ಕಲ್ಲಿಗೆ ಹೆಸರು ಹಾಕಿಸೋಣವೇ ಎಂದು ಟೀಚರ್ ಕೇಳಿದಳು. ಹಾಕಿಸಬೇಕಾದರೆ ಅವಳ ರಕ್ತವನ್ನೂ ಕೇಳುತ್ತಾರೆಂದು ಟೈಲರಮ್ಮ ಹೇಳಿದಳು. ಮತ್ತೆ ಆ ಪರೀಕ್ಷೆ, ಆ ಕಾಯುವಿಕೆ ಯಾವುದೂ ಟೀಚರಿಗೆ ಬೇಕಿರಲಿಲ್ಲ. ತನಗೆ ತಿಳಿಯಿತಲ್ಲ, ಅಷ್ಟೇ ಸಾಕು ಎಂದಳು.

“ಒಂದ್ಸಲ ಮುಟ್ಟಲಾ?” ಎಂದಳು ಟೈಲರಮ್ಮ.

“ಅದನ್ನೇನು ಕೇಳ್ತೀರಿ ಅಕ್ಕ?”

ಟೈಲರಮ್ಮ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಂಗೈ ಇಟ್ಟಳು. ತುಸು ಹೊತ್ತಾದ ಮೇಲೆ, ಟೀಚರನ್ನು ಅಲ್ಲಿಯೇ ಬಿಟ್ಟು ಗೇಟಿನತ್ತ ಕಾಲೆಳೆದುಕೊಂಡು ನಡೆದಳು.

ಗೇಟಿನ ಬಳಿ ಅಧಿಕಾರಿ ಕಾಯುತ್ತಿದ್ದರು. ಕೇಳುವ ಮೊದಲೇ ಅವಳು, ಕಲ್ಲು ಹೇಗಿದೆಯೋ ಹಾಗೇ ಇರಲಿ, ಏನೂ ಕೆತ್ತಿಸಬೇಡಿ ಎಂದಳು.

“ಯಾಕಮ್ಮ?” ಎಂದರು ಅಧಿಕಾರಿ. “ಅಲ್ಲಿ ಮಲಗಿರೋದು ನಿಮ್ಮ ಅಣ್ಣನೇ ಅಂತ ಗೊತ್ತಾದ ಮೇಲೂ?”