ಸೇರಿಗೊಂದು ತಟ್ಟು

ಬೆಸುಗೆ ಹಾಕುವ ತಾತನ ಫ್ಯಾನನ್ನು ಚಿಪ್ ಪರೀಕ್ಷಿಸುವ ಕೋಣೆಯಿಂದ ಹೊರಗೆ ಹಾಕಿಸಿದ್ದು ಎಂಜಿನಿಯರಮ್ಮನೇ. ಬೆಸುಗೆಯ ಹೊಗೆ ತಾತನ ಕಣ್ಣಿಗೆ ಬಡಿಯದಿರಲೆಂದು ಇಪ್ಪತ್ತು ವರ್ಷದಿಂದ ಕಟಕಟ ಎನ್ನುತ್ತ, ಕೂತ ಮೇಜನ್ನೂ ನಡುಗಿಸುತ್ತ ತಿರುಗುತ್ತಿದ್ದ ಮುದಿ ಫ್ಯಾನು ಅದು. ಅವಳ ಚಿಪ್ ಆದರೋ ಇರುವೆ ಉಸಿರೆಳೆದರೂ ಆ ಸದ್ದನ್ನು ಅಂಕಿಯಾಗಿಸಿ ಹೇಳಬೇಕಾದದ್ದು. ಕಿವಿ ಮಂದವಾದವರ ಯಂತ್ರಕ್ಕೆಂದು ಮೂರು ವರ್ಷ ಕೂತು ಮಾಡಿದ್ದಳು. ಅಂಗಿಯ ಗುಂಡಿಯಷ್ಟು ಬ್ಯಾಟರಿಯಲ್ಲಿ ತಿಂಗಳು ಬಾಳಬೇಕು. ಇಂಥದ್ದರ ಪಕ್ಕದಲ್ಲಿ ಆ ಗದ್ದಲವೇ?

ಗದ್ದಲ ಹೋಯಿತು. ಕೋಣೆ ಧ್ಯಾನಕ್ಕೆ ಕೂತಂತಾಯಿತು. ಆಗ ಹಠ ಹಿಡಿಯಿತು ಚಿಪ್. ಸಣ್ಣ ಸದ್ದು ಕೊಟ್ಟರೆ ಪರದೆಯ ಮೇಲೆ ಕೊನೆಯ ಅಂಕಿಗಳು ಅಲುಗಲೊಲ್ಲವು. ಹೆಡ್‌ಫೋನಿನಲ್ಲಿ ಯಾರೂ ಕರೆಯದ ಜೀರುಂಡೆಯೊಂದು ಕೀ ಎನ್ನುತ್ತಿತ್ತು. ತಂತಿ ಬದಲಿಸಿದಳು, ಬ್ಯಾಟರಿ ಬದಲಿಸಿದಳು, ಮನಸ್ಸಿನಲ್ಲೇ ದೇವರನ್ನೂ ಬದಲಿಸಿ ನೋಡಿದಳು. ಹನ್ನೊಂದಕ್ಕೆ ಕೊಳ್ಳುವವರು ಬರುತ್ತಾರೆ. ಅವರು ಒಲ್ಲೆವೆಂದರೆ ಮೂರು ವರ್ಷದ ಕೆಲಸಕ್ಕೆ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು.

ಒಂದು ಬೆಸುಗೆಯ ಮೇಲೆ ಅನುಮಾನ ಬಂದು ತಾತನನ್ನು ಕರೆದಳು. ತಾತ ಫ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಕಣ್ಣು ಕಾಣಬೇಕಲ್ಲ ತಾಯಿ, ಹತ್ತೇ ನಿಮಿಷ ಎಂದು ಕೇಳಿಕೊಂಡು ಮೇಜಿನ ಮೇಲಿಟ್ಟು ತಿರುಗಿಸಿದ. ಬೆಸುಗೆ ಮುಗಿದೊಡನೆ ಅವಳು ಹೆಡ್‌ಫೋನು ಹಾಕಿಕೊಂಡಳು. ಜೀರುಂಡೆ ಇರಲಿಲ್ಲ. ಅಂಕಿಗಳು ಹೂವಿನಂತೆ ಅರಳಿ ಮುದುಡುತ್ತಿದ್ದವು.

ತಾತನ ಕೈಗುಣ ಎಂದುಕೊಂಡು ಫ್ಯಾನು ಆರಿಸಿದಳು. ಜೀರುಂಡೆ ಕೀ ಎಂದಿತು. ಫ್ಯಾನು ಹಾಕಿದಳು, ಕೀ ನಿಂತಿತು. ಮೂರು ಸಲವೂ ಹಾಗೇ.

"ಇದೇನು ತಾತ?"

"ಕಾಳು ಅಳೆಯೋರನ್ನ ನೋಡಿಲ್ವಾ ತಾಯಿ? ಸೇರಿಗೊಂದು ತಟ್ಟು ತಟ್ಟಿದ್ರೇನೇ ಕಾಳು ಸರಿಯಾಗಿ ಕೂರೋದು. ನಿನ್ನ ಸೇರಿಗೂ ತಟ್ಟೋರು ಬೇಕೇನೋ."

ಅವಳ ಮುಖ ಸಪ್ಪಗಾಯಿತು. ಸದಾ ಸಣ್ಣ ಗದ್ದಲವೆಬ್ಬಿಸಿ ಅಂಕಿಗಳನ್ನು ಹಾಗೆ ತಟ್ಟುತ್ತಿರಲೆಂದೇ ಪುಟ್ಟದೊಂದು ಸರ್ಕ್ಯೂಟನ್ನು ಮೊದಲು ಚಿಪ್‌ನೊಳಗೆ ಇಟ್ಟಿದ್ದಳು. ಚಿಟಿಕೆ ಕರೆಂಟು ಉಳಿಯುತ್ತದೆಂದು ಕಿತ್ತು ಹಾಕಿದವಳೂ ಅವಳೇ. ಆಗ ಮೇಲಿನವರೆಲ್ಲ ಚಪ್ಪಾಳೆ ತಟ್ಟಿದ್ದರು.

ಹನ್ನೊಂದಕ್ಕೆ ಬಂದವರು ಕಿವಿಗಿಟ್ಟು ಕೇಳಿದರು, ಅಂಕಿಗಳನ್ನು ನೋಡಿದರು, ಭೇಷ್ ಎಂದು ತಲೆದೂಗಿದರು. ಅವರಲ್ಲಿ ಹಿರಿಯನಿಗೆ ಒಂದೇ ಸಂದೇಹ.

"ಇಷ್ಟು ಚೆನ್ನಾಗಿ ಕೇಳಿಸ್ಕೊಳ್ಳೋಕೆ ಬೇರೆ ಕರೆಂಟೇನೂ ಬೇಡ್ವಾ ಮೇಡಂ?"

"ಏನೂ ಬೇಡ ಸಾರ್," ಎಂದಳು.

ಮೇಜಿನ ಮೂಲೆಯಲ್ಲಿ ತಾತನ ಅರವತ್ತು ವ್ಯಾಟಿನ ಫ್ಯಾನು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಿಧಾನವಾಗಿ ತಲೆ ಅಲ್ಲಾಡಿಸಿತು.